ಶುಗರ್ ಹತೋಟಿಗೆ ಬರಬೇಕಾದರೆ: ಮೊದಲು ಮೀಟರ್, ಆಮೇಲೆ ತಟ್ಟೆ, ಕೊನೆಗೆ ಡಬ್ಬಿ

ಶುಗರ್ ಜಾಸ್ತಿ ಬಂದಿದೆ ಎಂದು ಗೊತ್ತಾದ ಕೂಡಲೇ ಜನ ಏನು ಹುಡುಕುತ್ತಾರೆ? ಯಾವ ಪುಡಿ ತಗೊಂಡರೆ ಇಳಿಯುತ್ತದೆ, ಯಾವ ಕಷಾಯ ಕುಡಿಯಬೇಕು, ಯಾವ ಹಣ್ಣು ಬಿಡಬೇಕು. ಸಲಹೆ ಕೊಡುವವರಿಗೂ ಬರವಿಲ್ಲ. ನೋಡನೋಡುತ್ತಲೇ ಕಪಾಟಿನಲ್ಲಿ ಮೂರ್ನಾಲ್ಕು ಡಬ್ಬಿ ಸೇರಿಕೊಂಡಿರುತ್ತವೆ. ಮಧ್ಯಾಹ್ನ ಊಟವಾದ ಎರಡು ಗಂಟೆಗೆ ಶುಗರ್ ಎಷ್ಟಿರುತ್ತದೆ ಎಂದು ಕೇಳಿ ನೋಡಿ, ಅದು ಮಾತ್ರ ಗೊತ್ತಿರುವುದಿಲ್ಲ.

ಇಲ್ಲಿ ನಾವು ಉಲ್ಟಾ ಹೋಗೋಣ. ಮೊದಲು ಅಳೆಯುವುದನ್ನು ಕಲಿಯೋಣ, ಅದರ ಮೇಲೆ ತಟ್ಟೆ ಬದಲಿಸೋಣ, ಡಬ್ಬಿಗಳ ಮಾತು ಕೊನೆಗೆ ಇರಲಿ. ಈ ಬರಹ ಇರುವುದು ಟೈಪ್ 2 ಮಧುಮೇಹದವರಿಗೆ ಮತ್ತು ಇನ್ನೂ ಪ್ರಿಡಯಾಬಿಟಿಸ್ (ಮಧುಮೇಹಕ್ಕೆ ಮುಂಚಿನ) ಹಂತದಲ್ಲಿ ಇರುವವರಿಗೆ. ಟೈಪ್ 1 ಇರುವವರು, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದವರು, ಒಂದು ಹೊತ್ತಿನ ಇನ್ಸುಲಿನ್ ಕೂಡ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು, ಅದರ ಜಾಗಕ್ಕೆ ಬರುವ ಆಹಾರ ಯಾವುದೂ ಇಲ್ಲ. ಗರ್ಭಿಣಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಲೆಕ್ಕವೇ ಬೇರೆ. ಅವರು ಡಾಕ್ಟರ್ ಜೊತೆ ಕೂತೇ ಊಟ ಬದಲಿಸಬೇಕು.

ಹೆಜ್ಜೆ 1: ಮಾತ್ರೆಯ ಹೆಸರು ಓದಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ಊಟ ಬದಲಾದರೆ ಶುಗರ್ ಕೆಲವೇ ದಿನಗಳಲ್ಲಿ ಇಳಿಯಲು ಶುರುವಾಗುತ್ತದೆ. ಮಾತ್ರೆ ಮಾತ್ರ ಹಳೇ ಡೋಸ್‌ನಲ್ಲೇ ಮುಂದುವರಿದರೆ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು. ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಾಮೈಡ್ ಥರದ ಮಾತ್ರೆ ನುಂಗುವವರಿಗೆ ಈ ಅಪಾಯ ಇದೆ. ನೀವು ಉಂಡಿದ್ದೀರೋ ಇಲ್ಲವೋ ಈ ಮಾತ್ರೆಗಳು ನೋಡುವುದಿಲ್ಲ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತವೆ. ಅದಕ್ಕೇ ಅನ್ನ ಅರ್ಧಕ್ಕೆ ಇಳಿಸುವ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಎಷ್ಟು ಇಳಿಸಬೇಕು ಎಂದು ಕೇಳಿ. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಲೋ ಆಗುವುದು ತೀರಾ ಅಪರೂಪ.

ಇನ್ನೊಂದು ಗುಂಪು ಇದೆ, ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಎಂದು ಇರುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇತ್ಯಾದಿ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಇದನ್ನು ತಗೊಳ್ಳುವಾಗ ಒಮ್ಮೆಗೇ ಕಾರ್ಬ್ (ಅನ್ನ, ಗೋಧಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ಪೂರ್ತಿ ಬಿಟ್ಟರೆ, ಅಥವಾ ಉಪವಾಸ ಮಾಡಿದರೆ, ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ವಸ್ತು) ಏರಿ ಆಮ್ಲತೆ ಉಂಟಾಗಬಹುದು. ಕೆಟ್ಟದ್ದೇನೆಂದರೆ ಆಗ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಇರದೇ ಹೋಗಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಶುರುವಾದರೆ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ.

ಲೋ ಶುಗರ್ ಎಂದರೆ 70ಕ್ಕಿಂತ ಕೆಳಗೆ (ಇಲ್ಲಿನ ಶುಗರ್ ಅಂಕಿಗಳೆಲ್ಲ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ). ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಡವಡವ ಎನ್ನುತ್ತದೆ, ಸುಮ್ನೆ ಸಿಡಿಮಿಡಿ ಆಗುತ್ತದೆ. ಆಗ ಬೇಕಾದ್ದು ಸುಮಾರು 15 ಗ್ರಾಂ ಸಕ್ಕರೆ: ನೀರಿಗೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ಹಾಕಿ ಕುಡಿಯಿರಿ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಇನ್ನೂ 70 ದಾಟಿಲ್ಲ ಎಂದರೆ ಮತ್ತೊಂದು ಸಲ. ಚಾಕೊಲೇಟ್ ಈ ಕೆಲಸಕ್ಕೆ ಬರುವುದಿಲ್ಲ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಅಕಾರ್ಬೋಸ್ ಮಾತ್ರೆ ತಗೊಳ್ಳುವವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಆ ಮಾತ್ರೆ ಮಾಮೂಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ, ಹಾಗಾಗಿ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ. ತಗೊಳ್ಳುವವರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ.

ಹೆಜ್ಜೆ 2: ನಿಮ್ಮ ಅಂಕಿ ಎಲ್ಲಿದೆ?

ಎಂಟು ಗಂಟೆ ಏನೂ ತಿನ್ನದೆ ನೋಡಿದ ಫಾಸ್ಟಿಂಗ್ ಶುಗರ್ 100ಕ್ಕಿಂತ ಕೆಳಗಿದ್ದರೆ ಸರಿ. 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಧುಮೇಹ. ನಡುವೆ ಇರುವುದು ಪ್ರಿಡಯಾಬಿಟಿಸ್. ಇದು ಅಮೆರಿಕದ ಮಧುಮೇಹ ಸಂಘದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ನಡುವಿನ ಹಂತವನ್ನು 110ರಿಂದ ಶುರು ಮಾಡುತ್ತದೆ, ಆದ್ದರಿಂದ 104 ಬಂದಾಗ ಒಬ್ಬ ಡಾಕ್ಟರ್ 'ಪರವಾಗಿಲ್ಲ' ಎಂದೂ ಇನ್ನೊಬ್ಬರು 'ಹುಷಾರು' ಎಂದೂ ಹೇಳಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಆದರೆ ಶೇ. 5.7ಕ್ಕಿಂತ ಕಡಿಮೆ ಸರಿ, 6.5 ಮತ್ತು ಮೇಲೆ ಮಧುಮೇಹ. ಲಕ್ಷಣಗಳೇನೂ ಇಲ್ಲದಿದ್ದರೆ ಒಂದೇ ಟೆಸ್ಟ್ ನಂಬಿ ಹಣೆಪಟ್ಟಿ ಕಟ್ಟುವುದಿಲ್ಲ, ಇನ್ನೊಂದು ಟೆಸ್ಟ್‌ನಲ್ಲಿ ಖಚಿತ ಮಾಡಿಕೊಳ್ಳುತ್ತಾರೆ. ಕೆಲವು ದೇಶಗಳ ಮೀಟರ್‌ನಲ್ಲಿ 7.0, 8.5 ಥರದ ಸಣ್ಣ ಅಂಕಿ ಬರುತ್ತದೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ.

ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. 6 ಇದ್ದರೆ ಸರಾಸರಿ ಶುಗರ್ ಸುಮಾರು 126, 7 ಇದ್ದರೆ 154, 8 ಇದ್ದರೆ 183. ಆದರೆ ಸರಾಸರಿ ಏರಿಳಿತವನ್ನು ಮುಚ್ಚಿಡುತ್ತದೆ. ದಿನವಿಡೀ 154ರ ಆಸುಪಾಸಿನಲ್ಲೇ ಇರುವವರಿಗೂ, ಒಮ್ಮೆ 65 ಒಮ್ಮೆ 260 ಎಂದು ಜಿಗಿಯುವವರಿಗೂ 7 ಬರಬಹುದು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹೆಚ್ಚು ರಕ್ತ ಹೋಗಿದ್ದರೆ ಅಥವಾ ರಕ್ತ ಹಾಕಿಸಿಕೊಂಡಿದ್ದರೂ ಅಂಕಿ ದಾರಿ ತಪ್ಪಿಸುತ್ತದೆ. ಮೀಟರ್‌ಗೂ ಎಚ್‌ಬಿಎ1ಸಿಗೂ ತಾಳೆ ಆಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಗುರಿ ಎಷ್ಟಿರಬೇಕು? ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆಗಳೂ ಇರುವವರಿಗೆ ಇದನ್ನು ಸಡಿಲ ಮಾಡುತ್ತಾರೆ. ಅವರಿಗೆ ಲೋ ಆಗಿ ಬೀಳುವುದೇ ಹೆಚ್ಚು ಅಪಾಯ.

ಹೆಜ್ಜೆ 3: ಸರಿಯಾಗಿ ಚುಚ್ಚಿ

ಮೊದಲು ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಇದು ಬರೀ ಶುಚಿಗಲ್ಲ. ಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಬೆರಳ ಮೇಲಿನ ಸಕ್ಕರೆ ಹನಿಗೆ ಸೇರಿ ರೀಡಿಂಗ್ ಸಿಕ್ಕಾಪಟ್ಟೆ ಏರುತ್ತದೆ. ಕೈ ಒದ್ದೆ ಇದ್ದರೆ ಹನಿ ತೆಳುವಾಗಿ ಕಡಿಮೆ ತೋರಿಸುತ್ತದೆ. ಬೆರಳ ತುದಿಯ ನಡುಭಾಗಕ್ಕೆ ಚುಚ್ಚಬೇಡಿ, ಅಲ್ಲಿ ನರ ಜಾಸ್ತಿ, ನೋವೂ ಜಾಸ್ತಿ. ಉಗುರಿನ ಪಕ್ಕದ ಅಂಚಿಗೆ ಚುಚ್ಚಿ. ಕೈಯನ್ನು ಅರ್ಧ ನಿಮಿಷ ಕೆಳಗೆ ಇಳಿಬಿಟ್ಟರೆ ರಕ್ತ ತಾನಾಗಿ ಬರುತ್ತದೆ. ಹಿಂಡಿ ಹಿಂಡಿ ತೆಗೆದ ಹನಿಯಲ್ಲಿ ಅಂಗಾಂಶದ ನೀರೂ ಸೇರಿಕೊಂಡಿರುತ್ತದೆ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿ ಮುಚ್ಚಿ. ತೇವ ತಾಗಿದ ಸ್ಟ್ರಿಪ್ ಏನೇನೋ ಹೇಳುತ್ತದೆ.

ಮೀಟರ್ ಎಷ್ಟು ನಿಖರ ಎಂಬುದೂ ಗೊತ್ತಿರಲಿ. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ರ ಮೇಲಿನ ರೀಡಿಂಗ್‌ಗಳಲ್ಲಿ ಶೇ. 95ರಷ್ಟು ಲ್ಯಾಬ್ ಅಂಕಿಯಿಂದ ಶೇ. 15ರ ಒಳಗೆ ಇದ್ದರೆ ಸಾಕು. ಅಂದರೆ ನಿಜವಾದ ಶುಗರ್ 150 ಇದ್ದಾಗ ಮೀಟರ್ 130 ಎಂದರೂ 170 ಎಂದರೂ ಅದು ಕೆಟ್ಟ ಮೀಟರ್ ಅಲ್ಲ. ನಿನ್ನೆ 148, ಇವತ್ತು 156 ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಹೆಜ್ಜೆ 4: ಜೋಡಿ ಪರೀಕ್ಷೆ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಹಳ ಜನ ದಿನಾ ಬೆಳಗ್ಗೆ ಫಾಸ್ಟಿಂಗ್ ಒಂದೇ ನೋಡುತ್ತಾರೆ. 132, 128, 135. ಬರೆದಿಡುತ್ತಾರೆ. ಆದರೆ ಅದರಿಂದ ಏನು ಬದಲಿಸಬೇಕು ಎಂದು ಗೊತ್ತಾಗುವುದಿಲ್ಲ. ಅದೇ ಸ್ಟ್ರಿಪ್‌ಗಳನ್ನು ಜೋಡಿಯಾಗಿ ಬಳಸಿ. ಊಟದ ಮೊದಲ ತುತ್ತಿಗೆ ಮುಂಚೆ ಒಂದು, ಆ ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಎರಡರ ವ್ಯತ್ಯಾಸವೇ ಆ ಊಟದ ಅಂಕ. ನನ್ನ ಲೆಕ್ಕದಲ್ಲಿ 50ರ ಒಳಗೆ ಏರಿದರೆ ಆ ಊಟ ಪರವಾಗಿಲ್ಲ. 80, 100 ಏರಿದರೆ ಅದರಲ್ಲಿ ಏನೋ ಬದಲಾಗಬೇಕು.

ಮಾಡುವ ವಿಧಾನ ಹೀಗೆ. ದಿನದ ಒಂದು ಊಟ ಆರಿಸಿಕೊಳ್ಳಿ, ಮಧ್ಯಾಹ್ನದ್ದು ಅಂತಿಟ್ಟುಕೊಳ್ಳೋಣ. ಎರಡು ಮೂರು ದಿನ ಯಾವಾಗಲೂ ಉಣ್ಣುವ ಹಾಗೇ ಉಣ್ಣಿ, ಜೋಡಿ ಬರೆದಿಡಿ. ಪರೀಕ್ಷೆ ಇದೆ ಎಂದು ಒಳ್ಳೆಯವರಾಗಬೇಡಿ. ಆಮೇಲೆ ಒಂದೇ ಒಂದು ವಿಷಯ ಬದಲಿಸಿ. ಅನ್ನ ಅರ್ಧ ಮಾಡಿ, ಅಥವಾ ತರಕಾರಿ ದುಪ್ಪಟ್ಟು ಮಾಡಿ, ಅಥವಾ ಊಟವಾದ ಮೇಲೆ ನಡೆಯಿರಿ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ.

ಪುಸ್ತಕದ ಒಂದು ಪುಟ ಹೇಗಿರಬಹುದು ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ:

ಸೋಮವಾರ: ಅನ್ನ 200 ಗ್ರಾಂ, ಆಲೂಗಡ್ಡೆ ಪಲ್ಯ. ಮುಂಚೆ 118, ನಂತರ 214. ಏರಿದ್ದು 96.
ಬುಧವಾರ: ಅದೇ ಊಟ, ಆಮೇಲೆ 15 ನಿಮಿಷ ನಡಿಗೆ. ಮುಂಚೆ 121, ನಂತರ 190. ಏರಿದ್ದು 69.
ಶುಕ್ರವಾರ: ಅನ್ನ 100 ಗ್ರಾಂ, ಆಲೂಗಡ್ಡೆ ಬದಲು ಬೀನ್ಸ್, ಎರಡು ಮೊಟ್ಟೆ. ನಡಿಗೆ ಇಲ್ಲ. ಮುಂಚೆ 116, ನಂತರ 158. ಏರಿದ್ದು 42.

ಈ ಮೂರು ಸಾಲು ನೋಡಿದರೆ ಯಾರೂ ಉಪದೇಶ ಮಾಡಬೇಕಾಗಿಲ್ಲ, ಅಲ್ವಾ? ಶುಕ್ರವಾರ ಒಂದಕ್ಕಿಂತ ಹೆಚ್ಚು ಬದಲಾವಣೆ ಆಗಿದೆ ಎಂದು ನೀವು ಗಮನಿಸಿದ್ದರೆ, ವಿಧಾನ ನಿಮಗೆ ಅರ್ಥವಾಗಿದೆ. ಮುಂದಿನ ವಾರ ಅದನ್ನು ಬಿಡಿಸಿ ನೋಡಬೇಕು.

ಮನೆಯಲ್ಲಿ ಹೀಗೆ ಅಳೆದುಕೊಳ್ಳುವುದು ಈಗ ಮಾಮೂಲು. ಹಿಂದೆ ಹಾಗಿರಲಿಲ್ಲ. ಟೈಪ್ 1 ಇದ್ದ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರ್ 1969ರಲ್ಲಿ ಆಸ್ಪತ್ರೆಗಳಿಗೆಂದು ಮಾಡಿದ್ದ ಮೀಟರ್ ಒಂದನ್ನು ತರಿಸಿಕೊಂಡರು. ಅದನ್ನು ಡಾಕ್ಟರ್‌ಗಳಿಗೆ ಮಾತ್ರ ಮಾರುತ್ತಿದ್ದರಿಂದ ಡಾಕ್ಟರ್ ಆಗಿದ್ದ ಹೆಂಡತಿಯ ಹೆಸರಿನಲ್ಲಿ ತರಿಸಬೇಕಾಯಿತು. ದಿನಕ್ಕೆ ಹಲವು ಸಲ ಚುಚ್ಚಿ ನೋಡಿ, ಯಾವ ಊಟಕ್ಕೆ ಎಷ್ಟು ಏರುತ್ತದೆ ಎಂದು ತಾವೇ ಲೆಕ್ಕ ಹಾಕಿದರು. ಈ ಮಾತನ್ನು ವೈದ್ಯರ ಲೋಕ ಕೇಳಲಿಲ್ಲವೆಂದು ನಲವತ್ತು ದಾಟಿದ ಮೇಲೆ ಮೆಡಿಕಲ್ ಕಾಲೇಜು ಸೇರಿ ಡಾಕ್ಟರ್ ಆದರು. ಅವರು ಹೇಳಿದ ಅತಿ ಕಡಿಮೆ ಕಾರ್ಬ್ ಊಟ ಎಲ್ಲರಿಗೂ ಹೊಂದುವುದಿಲ್ಲ. ಆದರೆ ಅಳೆಯುವ ಪಾಠವನ್ನು ತಳ್ಳಿಹಾಕುವ ಹಾಗಿಲ್ಲ.

ತೋಳಿಗೆ ಅಂಟಿಸುವ ಸೆನ್ಸರ್ ಸಿಕ್ಕರೆ ಎರಡು ವಾರ ಹಾಕಿ ನೋಡಿ, ತುಂಬಾ ಕಲಿಸುತ್ತದೆ. ಅದು ನೋಡುವುದು ಚರ್ಮದ ಕೆಳಗಿನ ದ್ರವವನ್ನು, ರಕ್ತವನ್ನಲ್ಲ. ಹಾಗಾಗಿ 5ರಿಂದ 15 ನಿಮಿಷ ಹಿಂದೆ ಇರುತ್ತದೆ. ಶುಗರ್ ಇಲ್ಲದವರ ಗೆರೆಯೂ ಊಟವಾದ ಮೇಲೆ ಏರುತ್ತದೆ. ಪ್ರತಿ ಉಬ್ಬಿಗೂ ಗಾಬರಿ ಬೇಡ.

ಹೆಜ್ಜೆ 5: ತಟ್ಟೆ

ಒಬ್ಬ ವಯಸ್ಕನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಹೆಚ್ಚೂಕಡಿಮೆ ಒಂದು ಟೀ ಚಮಚ. 200 ಗ್ರಾಂ ಅನ್ನದಲ್ಲಿ ಸುಮಾರು 56 ಗ್ರಾಂ ಕಾರ್ಬ್ ಇದೆ. ಒಂದು ಊಟ ರಕ್ತದಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ತಂದು ಸುರಿಯುತ್ತದೆ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವವರ ದೇಹ ಅದನ್ನು ಸ್ನಾಯುವಿಗೂ ಯಕೃತ್ತಿಗೂ ಸಾಗಿಸಿಬಿಡುತ್ತದೆ. ಕೆಲಸ ಮಾಡದವರಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ. ಆದ್ದರಿಂದ ಕಾರ್ಬ್ ಎಷ್ಟು ಎಂಬುದೇ ಮೊದಲ ಪ್ರಶ್ನೆ. ಯಾವ ಕಾರ್ಬ್ ಎಂಬುದು ಎರಡನೆಯದು.

ಒಂದು ವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬಡಿಸಿಕೊಳ್ಳಿ. ಬೋರು ನಿಜ, ಆದರೆ ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ಅಂದಾಜು ಹೀಗಿದೆ: ಬೆಂದ ಅನ್ನ 100 ಗ್ರಾಂಗೆ 28 ಗ್ರಾಂ ಕಾರ್ಬ್. ಬೇಯಿಸಿದ ಆಲೂಗಡ್ಡೆ 100 ಗ್ರಾಂಗೆ 20. ಬ್ರೆಡ್ ಒಂದು ಸ್ಲೈಸ್‌ಗೆ 12ರಿಂದ 15. ಬೆಂದ ಬೇಳೆ 100 ಗ್ರಾಂಗೆ 20, ಆದರೆ ಅದರಲ್ಲಿ 8 ಗ್ರಾಂ ನಾರು, ಜೊತೆಗೆ 9 ಗ್ರಾಂ ಪ್ರೋಟೀನ್. ಮಧ್ಯಮ ಗಾತ್ರದ ಸೇಬು ಅಥವಾ ಬಾಳೆಹಣ್ಣು 25ರ ಸುತ್ತಮುತ್ತ. ಒಂದು ಲೋಟ ಹಾಲು 12. ಮೊಟ್ಟೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ತೂಗುವುದು ಬೇಡ ಎನ್ನುವವರಿಗೆ ತಟ್ಟೆಯ ಲೆಕ್ಕ ಇದೆ. ಅರ್ಧ ತಟ್ಟೆ ಪಿಷ್ಟ ಕಡಿಮೆ ಇರುವ ತರಕಾರಿ: ಸೊಪ್ಪು, ಬೀನ್ಸ್, ಎಲೆಕೋಸು, ಸೌತೆ, ಬದನೆ. ಕಾಲು ಭಾಗ ಪ್ರೋಟೀನ್: ಮೊಟ್ಟೆ, ಮೀನು, ಕೋಳಿ, ಕಾಳು, ಪನೀರ್, ಗಟ್ಟಿ ಮೊಸರು. ಇನ್ನು ಕಾಲು ಭಾಗ ಅನ್ನವೋ ಗೋಧಿಯದೋ ಓಟ್ಸೋ. ಆಲೂಗಡ್ಡೆ, ಜೋಳದ ತೆನೆ, ಗೆಣಸು ಹೆಸರಿಗೆ ತರಕಾರಿ. ತಟ್ಟೆಯಲ್ಲಿ ಅವುಗಳ ಜಾಗ ಅನ್ನದ ಪಕ್ಕ.

ಎಲ್ಲಕ್ಕಿಂತ ಮೊದಲು ಕುಡಿಯುವ ಸಕ್ಕರೆ ಬಿಡಿ. 330 ಮಿ.ಲೀ. ಕೋಲಾದಲ್ಲಿ 35 ಗ್ರಾಂ ಸಕ್ಕರೆ ಇರುತ್ತದೆ. ಹಣ್ಣಿನ ರಸವೂ ಅದಕ್ಕಿಂತ ಹೆಚ್ಚೇನೂ ಹಿಂದೆ ಇಲ್ಲ. ಒಂದು ಕಿತ್ತಳೆ ತಿಂದರೆ ಅಗಿಯಬೇಕು, ನಾರಿನ ಜೊತೆ ಒಳಗೆ ಹೋಗುತ್ತದೆ. ಮೂರು ಕಿತ್ತಳೆಯ ರಸ ಎರಡು ಗುಟುಕಿಗೆ ಖಾಲಿ. ಜೇನುತುಪ್ಪ, ಕಂದು ಸಕ್ಕರೆ 'ಆರೋಗ್ಯಕರ' ಎಂಬ ಮಾತನ್ನು ಮೀಟರ್ ಒಪ್ಪುವುದಿಲ್ಲ, ಬೇಕಾದರೆ ಜೋಡಿ ಪರೀಕ್ಷೆ ಮಾಡಿ. 'ಶುಗರ್ ಫ್ರೀ' ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲ, ಮೈದಾ ಇದೆ. ಪೊಟ್ಟಣದ ಮುಂಭಾಗ ಓದಬೇಡಿ, ಹಿಂಭಾಗದಲ್ಲಿ ಒಟ್ಟು ಕಾರ್ಬ್ ಎಷ್ಟು ಎಂದು ನೋಡಿ. ಅದು ಒಂದು ಬಿಸ್ಕತ್ತಿಗೋ ಇಡೀ ಪೊಟ್ಟಣಕ್ಕೋ ಎಂಬುದನ್ನೂ ನೋಡಿ.

ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ಒಂದು ಆಹಾರದ ಕಾರ್ಬ್ ಎಷ್ಟು ವೇಗವಾಗಿ ಶುಗರ್ ಏರಿಸುತ್ತದೆ ಎಂಬ ಅಂಕಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ತಂಡ 1981ರಲ್ಲಿ ಈ ಅಳತೆಯನ್ನು ಕೊಟ್ಟಿತು. 55ರವರೆಗೆ ಕಡಿಮೆ, 70ರಿಂದ ಮೇಲೆ ಜಾಸ್ತಿ. ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದನ್ನೇ ಹಿಡಿದು ಕೂತರೆ ಎಡವಟ್ಟು. ಕಲ್ಲಂಗಡಿಯ ಇಂಡೆಕ್ಸ್ 70ರ ಮೇಲಿದೆ, ಆದರೆ 100 ಗ್ರಾಂ ಹಣ್ಣಿನಲ್ಲಿ ಕಾರ್ಬ್ ಇರುವುದೇ 8 ಗ್ರಾಂ ಆಸುಪಾಸು. ಒಂದು ಹೋಳಿನಿಂದ ಏನೂ ಆಗುವುದಿಲ್ಲ. ಅದೇ ಕಡಿಮೆ ಇಂಡೆಕ್ಸ್‌ನ ಅಕ್ಕಿ ಎಂದು ಎರಡು ತಟ್ಟೆ ಉಂಡರೆ ಶುಗರ್ ಏರಿಯೇ ಏರುತ್ತದೆ. ಇನ್ನೊಂದು ಮಾತು. ಅದೇ ಧಾನ್ಯ ಇಡಿಯಾಗಿದ್ದಾಗ ನಿಧಾನ, ನುಣ್ಣಗೆ ಹಿಟ್ಟಾದಾಗ ವೇಗ. ಕಂದು ಬಣ್ಣದ ಬ್ರೆಡ್ ನೋಡಿ ಮೋಸಹೋಗುವವರು ಬಹಳ.

ಕೊಬ್ಬು ಶುಗರ್ ಏರಿಸುವುದಿಲ್ಲ ಎಂದು ಬಾದಾಮಿ, ಶೇಂಗಾ ಮುಷ್ಟಿಗಟ್ಟಲೆ ತಿನ್ನಬೇಡಿ. ತೂಕ ಏರಿದರೆ ಇನ್ಸುಲಿನ್ ಇನ್ನಷ್ಟು ಮೊಂಡಾಗುತ್ತದೆ.

ಹೆಜ್ಜೆ 6: ಮೊದಲು ತರಕಾರಿ, ಕೊನೆಗೆ ಅನ್ನ, ಆಮೇಲೆ ನಡಿಗೆ

ಊಟದ ಕ್ರಮ ಬದಲಿಸಿದರೆ ಸಾಕು, ಏರಿಕೆ ತಗ್ಗುತ್ತದೆ. ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ಸಂಶೋಧಕರು 2015ರಲ್ಲಿ ಟೈಪ್ 2 ಇದ್ದ 11 ಜನರಿಗೆ ಒಂದೇ ಊಟವನ್ನು ಬೇರೆ ಬೇರೆ ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಕಾರ್ಬ್ ಕೊನೆಗೆ ತಿಂದ ದಿನ ಊಟದ ನಂತರದ ಶುಗರ್ ಗಣನೀಯವಾಗಿ ಕಡಿಮೆ ಇತ್ತು. 11 ಜನ ಎಂದರೆ ತೀರಾ ಸಣ್ಣ ಪ್ರಯೋಗ. ಆದರೆ ಖರ್ಚಿಲ್ಲ, ಅಪಾಯವಿಲ್ಲ, ನಿಮ್ಮ ಮೀಟರ್‌ನಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಒಂದು ಬಟ್ಟಲು ತರಕಾರಿ ಮುಗಿಸಿ ಅನ್ನಕ್ಕೆ ಕೈ ಹಾಕಿ, ಅಷ್ಟೇ.

ನಡಿಗೆ ಏಕೆ ಕೆಲಸ ಮಾಡುತ್ತದೆ? ಸ್ನಾಯು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆಯೇ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಊಟವಾಗಿ ಅರ್ಧ ಗಂಟೆಯ ಒಳಗೆ 10-15 ನಿಮಿಷ ನಡೆದರೆ ಏರಿಕೆಯ ಹೊತ್ತಿಗೇ ಈ ಲಾಭ ಸಿಗುತ್ತದೆ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ಭಾರ ಎತ್ತುವುದು ಸೇರಿಸಿದರೆ ಸಕ್ಕರೆ ಇಟ್ಟುಕೊಳ್ಳುವ ಜಾಗವೇ ದೊಡ್ಡದಾಗುತ್ತದೆ.

ಹೆಜ್ಜೆ 7: ಬೆಳಗಿನ ಅಂಕಿ ಮತ್ತು ತೂಕ

ರಾತ್ರಿ ಏನೂ ತಿನ್ನದಿದ್ದರೂ ಬೆಳಗ್ಗೆ 140 ಏಕೆ? ಬೆಳಗಿನ ಜಾವ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಏರುತ್ತವೆ, ಯಕೃತ್ತು ತನ್ನ ಸಂಗ್ರಹದಿಂದ ಗ್ಲೂಕೋಸ್ ಬಿಡುತ್ತದೆ. ನಿಮ್ಮ ತಪ್ಪೇನಿಲ್ಲ. ಇದು ಒಂದೆರಡು ದಿನದಲ್ಲಿ ಬಗ್ಗುವ ಅಂಕಿಯೂ ಅಲ್ಲ. ಸಾಮಾನ್ಯವಾಗಿ ಊಟದ ನಂತರದ ಶುಗರ್ ಮೊದಲು ಇಳಿಯುತ್ತದೆ, ಫಾಸ್ಟಿಂಗ್ ಕೊನೆಗೆ. ನಿದ್ದೆಗೆಟ್ಟ ರಾತ್ರಿ, ಜ್ವರ, ಸ್ಟೀರಾಯ್ಡ್ ಮಾತ್ರೆ ಕೂಡ ಅದನ್ನು ಏರಿಸುತ್ತವೆ.

ಅದನ್ನು ಬಗ್ಗಿಸುವ ದೊಡ್ಡ ಅಸ್ತ್ರ ತೂಕ ಇಳಿಸುವುದು, ಇಳಿಸಬೇಕಾದ ತೂಕ ಇರುವವರಿಗೆ. ಅಮೆರಿಕದಲ್ಲಿ ಪ್ರಿಡಯಾಬಿಟಿಸ್ ಇದ್ದ 3,234 ಜನರ ಮೇಲೆ ನಡೆದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಶೇ. 7ರಷ್ಟು ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವುದು ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 31. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನವರು ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯಲ್ಲೇ ಇದ್ದರು. ವರ್ಷದ ಕೊನೆಗೆ ಶೇ. 46ರಷ್ಟು ಜನ ಮಾತ್ರೆ ಇಲ್ಲದೆ ಮಧುಮೇಹದ ಮಟ್ಟದಿಂದ ಕೆಳಗೆ ಬಂದಿದ್ದರು. 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಶೇ. 86. ಎರಡು ವರ್ಷಕ್ಕೆ ಒಟ್ಟು ಪ್ರಮಾಣ ಶೇ. 36ಕ್ಕೆ ಬಂತು, ತೂಕ ಮರಳಿದವರಿಗೆ ಶುಗರ್ ಕೂಡ ಮರಳಿತು. ಇಂಥ ಪಥ್ಯವನ್ನು ಡಾಕ್ಟರ್ ನಿಗಾ ಇಲ್ಲದೆ ಮಾಡುವಂತಿಲ್ಲ.

ಹೆಜ್ಜೆ 8: ಈಗ ಡಬ್ಬಿಗಳು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೂರಕಗಳು ಎರಡು ಬಗೆ: ಕೊರತೆ ತುಂಬುವವು, ಶುಗರ್ ಇಳಿಸುತ್ತೇವೆ ಎನ್ನುವವು. ಮೊದಲ ಬಗೆಗೆ ಟೆಸ್ಟ್ ಇದೆ, ಕಾರಣ ಇದೆ. ಎರಡನೇ ಬಗೆಯಲ್ಲಿ ಹೆಚ್ಚಿನವು ತಟ್ಟೆ ಬದಲಿಸಿದಷ್ಟು ಕೆಲಸ ಮಾಡುವುದಿಲ್ಲ.

ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಪಾದ ಜುಮ್ಮೆನ್ನುವುದಕ್ಕೆ ಶುಗರ್ ಕಾರಣವೋ ಬಿ12 ಕಾರಣವೋ ಎಂದು ನೋಡಿ ಹೇಳಲಾಗದು, ರಕ್ತ ಪರೀಕ್ಷೆ ಮಾಡಿಸಿ. ಮೆಗ್ನೀಸಿಯಂ ಕೊರತೆ ಟೈಪ್ 2ರಲ್ಲಿ ಸಾಮಾನ್ಯ. ಸೊಪ್ಪು, ಕಾಳು, ಬೀಜಗಳಿಂದ ಸಿಗುತ್ತದೆ. ಕಿಡ್ನಿ ತೊಂದರೆ ಇದ್ದರೆ ಮಾತ್ರೆಗೆ ಕೈ ಹಾಕಬೇಡಿ. ವಿಟಮಿನ್ ಡಿ ಕೊರತೆ ಇದ್ದರೆ ತಗೊಳ್ಳಿ, ಮೂಳೆಗೆ ಒಳ್ಳೆಯದು. ಮಧುಮೇಹ ತಡೆಯುತ್ತದೆ ಎಂದು ತಗೊಳ್ಳುವುದಾದರೆ ನಿರಾಸೆ ಕಾದಿದೆ: 2,423 ಜನರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಐಯು ಕೊಟ್ಟು ನೋಡಿದ 2019ರ ಪ್ರಯೋಗದಲ್ಲಿ ಸ್ಪಷ್ಟ ಪ್ರಯೋಜನ ಕಾಣಲಿಲ್ಲ.

ಇನ್ನು ಎರಡನೇ ಬಗೆ. ಇಸಬ್‌ಗೋಲ್ ನನಗೆ ಎಲ್ಲಕ್ಕಿಂತ ಮೇಲು ಅನ್ನಿಸುತ್ತದೆ. ಅದು ನಾರು, ಹೊಟ್ಟೆಯಲ್ಲಿ ಲೋಳೆಯಾಗಿ ಸಕ್ಕರೆ ಹೀರುವುದನ್ನು ನಿಧಾನ ಮಾಡುತ್ತದೆ. ತುಂಬು ಲೋಟ ನೀರಿನ ಜೊತೆ ತಗೊಳ್ಳಿ, ಇಲ್ಲದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಮೆಂತ್ಯದಲ್ಲೂ ಇಂಥದೇ ನಾರಿದೆ. ಲೋ ಮಾಡುವ ಮಾತ್ರೆ ಜೊತೆಗಾದರೆ ಮೀಟರ್ ನೋಡುತ್ತಿರಿ. ದಾಲ್ಚಿನ್ನಿಯ 10 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ 2012ರಲ್ಲಿ 'ಸಾಕಷ್ಟು ಆಧಾರವಿಲ್ಲ' ಎಂದಿತು. ಚಮಚಗಟ್ಟಲೆ ತಿನ್ನುವವರಿಗೆ ಇನ್ನೊಂದು ಎಚ್ಚರಿಕೆ: ಅಗ್ಗದ ಕ್ಯಾಸಿಯಾ ಜಾತಿಯ ದಾಲ್ಚಿನ್ನಿಯಲ್ಲಿ ಕೌಮರಿನ್ ಎಂಬ ರಾಸಾಯನಿಕ ಇದೆ, ಜಾಸ್ತಿಯಾದರೆ ಯಕೃತ್ತಿಗೆ ಕೆಟ್ಟದ್ದು. ವಿನೆಗರ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡಿ ಏರಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ, ಆದರೆ ಹಾಗೇ ಕುಡಿದರೆ ಹಲ್ಲು ಸವೆಯುತ್ತದೆ. ಕ್ರೋಮಿಯಂ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬರ್ಬೆರಿನ್ ಎಂಬ ಗಿಡಮೂಲದ ವಸ್ತು ಕೆಲವು ಸಣ್ಣ ಪ್ರಯೋಗಗಳಲ್ಲಿ ಶುಗರ್ ಇಳಿಸಿದೆ ನಿಜ. ಅದು ಕೆಲಸ ಮಾಡುವುದರಿಂದಲೇ ಔಷಧಿಯ ಹಾಗೆ ನೋಡಬೇಕು: ಬೇರೆ ಮಾತ್ರೆಗಳ ಜೊತೆ ತಿಕ್ಕಾಟ ಇದೆ, ಗರ್ಭಿಣಿಯರಿಗೆ ಬೇಡವೇ ಬೇಡ.

ಒಂದು ಪೂರಕ ನೋಡಲೇಬೇಕು ಎಂದಿದ್ದರೆ ಒಂದನ್ನೇ ಶುರು ಮಾಡಿ, ಊಟ ಬದಲಿಸದೆ ಎಂಟು ವಾರ ಜೋಡಿ ಪರೀಕ್ಷೆ ಮಾಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ.

ಎರಡು ಎಚ್ಚರಿಕೆ ಇವೆ. ವಿಟಮಿನ್ ಸಿ ಜಾಸ್ತಿ ಡೋಸ್‌ನಲ್ಲಿ ತಗೊಂಡರೆ ಕೆಲವು ಮೀಟರ್ ಮತ್ತು ಸೆನ್ಸರ್‌ಗಳು ಸುಳ್ಳೇ ಜಾಸ್ತಿ ತೋರಿಸುತ್ತವೆ. ಆ ಅಂಕಿ ನಂಬಿ ಇನ್ಸುಲಿನ್ ಚುಚ್ಚಿಕೊಂಡರೆ ಅಪಾಯ. ಮತ್ತೆ, 'ಪೂರ್ತಿ ನೈಸರ್ಗಿಕ' ಎಂದು ಬರೆದ ಪುಡಿ ಎರಡೇ ದಿನದಲ್ಲಿ ಶುಗರ್ ಇಳಿಸಿದರೆ ಖುಷಿಪಡುವ ಬದಲು ಅನುಮಾನ ಪಡಿ. ಇಂಥ ಉತ್ಪನ್ನಗಳಲ್ಲಿ ಹೇಳದೆ ಬೆರೆಸಿದ ಮಧುಮೇಹದ ಔಷಧಿ ಸಿಕ್ಕಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಎಚ್ಚರಿಸಿತ್ತು. ಎಷ್ಟು ಬೆರೆಸಿದ್ದಾರೆ ಎಂದು ನಿಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಹೆಜ್ಜೆ 9: ಓದುವುದು, ಕೇಳುವುದು

ಕಲಿಕೆಯೂ ಚಿಕಿತ್ಸೆಯೇ. ಬ್ರಿಟನ್ನಿನಲ್ಲಿ ಟೈಪ್ 1 ಇರುವವರಿಗೆ ಐದು ದಿನ ತರಗತಿ ನಡೆಸಿ ಊಟಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಕಲಿಸಿದರು. ಡ್ಯಾಫ್ನೆ ಎಂಬ ಹೆಸರಿನ ಆ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಆರು ತಿಂಗಳಲ್ಲಿ ಅವರ ಎಚ್‌ಬಿಎ1ಸಿ ಸುಮಾರು ಒಂದು ಅಂಕ ಇಳಿದಿತ್ತು. ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ.

ಹೊಸ ಸುದ್ದಿ ಕಣ್ಣಿಗೆ ಬಿದ್ದಾಗ ಇಷ್ಟು ಕೇಳಿಕೊಳ್ಳಿ. ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ? ಎಷ್ಟು ಜನ, ಎಷ್ಟು ತಿಂಗಳು? ಔಷಧಿ ಇಲ್ಲದ ಸುಮ್ಮನೆ ಗುಳಿಗೆ ಕೊಟ್ಟ ಇನ್ನೊಂದು ಗುಂಪು ಇತ್ತೇ? ಹೇಳುವವರು ಅದನ್ನೇ ಮಾರುತ್ತಿದ್ದಾರೆಯೇ? 'ಶೇ. 50 ಅಪಾಯ ಕಡಿಮೆ' ಎಂದರೆ ನೂರರಲ್ಲಿ ಇಪ್ಪತ್ತು ಹತ್ತಾಯಿತೋ, ಎರಡು ಒಂದಾಯಿತೋ? ಕೊನೆಯ ಪ್ರಶ್ನೆಗೆ ಬಹಳಷ್ಟು ಸುದ್ದಿ ಉದುರಿಹೋಗುತ್ತವೆ.

ಡಾಕ್ಟರ್ ಹತ್ತಿರ ಹೋಗುವಾಗ ಜೋಡಿ ರೀಡಿಂಗ್ ಇರುವ ಪುಸ್ತಕ ಒಯ್ಯಿರಿ, ಇರುವ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ಯಾವುದನ್ನೂ ಮುಚ್ಚಿಡಬೇಡಿ. ಈ ಡೋಸ್ ಈಗಲೂ ಇಷ್ಟೇ ಬೇಕಾ ಎಂದು ಕೇಳಿ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪೊರೆ, ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ (ಎರಡೂ ಕಿಡ್ನಿಯ ಸ್ಥಿತಿ ಹೇಳುತ್ತವೆ), ಕೊಲೆಸ್ಟರಾಲ್, ಪಾದದ ಸ್ಪರ್ಶ ನೋಡಿಸಬೇಕು. ಬಿಪಿಯನ್ನು ಪ್ರತಿ ಸಲ ನೋಡಿಸಿ. ಬಹಳ ವರ್ಷ ಶುಗರ್ ಏರಿಯೇ ಇದ್ದವರು ಊಟ ಬದಲಿಸುವ ಮುಂಚೆಯೇ ಕಣ್ಣು ತೋರಿಸಿಕೊಳ್ಳಿ. ಶುಗರ್ ಒಮ್ಮೆಗೇ ಇಳಿದಾಗ, ಮೊದಲೇ ಹಾಳಾಗಿರುವ ಹಿಂಪೊರೆ ಕೆಲಕಾಲ ಇನ್ನಷ್ಟು ಕೆಡುವುದುಂಟು.

ಅಪಾಯಿಂಟ್‌ಮೆಂಟ್‌ಗೆ ಕಾಯಬಾರದ ಸಂದರ್ಭಗಳೂ ಇವೆ: ಎರಡು ಸಲ ನೋಡಿದರೂ ಶುಗರ್ 300ರ ಮೇಲೇ ಇದ್ದರೆ, ವಾಂತಿ ನಿಲ್ಲದಿದ್ದರೆ, ಉಸಿರು ಜೋರಾಗಿ ಹಣ್ಣಿನ ವಾಸನೆ ಬಂದರೆ, ಮಾತು ತೊದಲಿದರೆ, ಪಾದದಲ್ಲಿ ಗಾಯವಾಗಿ ಕೆಂಪು ಹರಡುತ್ತಿದ್ದರೆ. ಅದೇ ದಿನ ಹೋಗಿ. ಲೋ ಆಗಿ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಇದನ್ನು ಮನೆಯವರಿಗೂ ಇವತ್ತೇ ಹೇಳಿಡಿ.